ಗೋಸುಂಬಿ ತತ್ತಿ ಇಟ್ಟ ಮನಿ

ದನದ ಡಾಕ್ಟರು ರೋಗಕ್ಕಿಂತ ಸಂಶಯಕ್ಕೇ ಹೆಚ್ಚು ಔಷಧ ಕೊಡಬೇಕಾಗುತ್ತದೆ. ಜಮಖಂಡಿಯಲ್ಲಿ ನನ್ನ ದವಾಖಾನೆ. ಎಮ್ಮೆ ಹಾಲು ಕಡಿಮೆ ಮಾಡಿದರೆ ಪಕ್ಕದ ಮನೆಯವಳ ಕಣ್ಣಿನ ಮೇಲೆ ಸಂಶಯ, ಬೇಟೆನಾಯಿ ಉಣ್ಣದಿದ್ದರೆ ದಾಯಾದಿಗಳ ಮೇಲೆ ಸಂಶಯ, ಅವರೂ ಊರಲ್ಲಿ ಇಲ್ಲದಿದ್ದರೆ ನನ್ನ ಇಂಜೆಕ್ಷನ್ ಮೇಲೆ. ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಒಂದೇ ಮನೆಯಲ್ಲಿ, ಗೇಣುದ್ದದ ಒಂದು ಪ್ರಾಣಿಯ ಸಲುವಾಗಿ, ಇಷ್ಟು ಮಂದಿ ಸಂಶಯಪಟ್ಟದ್ದನ್ನು ನಾನು ಬನಹಟ್ಟಿಯಲ್ಲಷ್ಟೇ ಕಂಡೆ.

ರಾಜಾ

ಬನಹಟ್ಟಿಯಿಂದ ಕಾಲೇಜಿನ ಮೇಡಂ ಒಬ್ಬರು ತೂತು ಹಾಕಿದ ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದರು. ತೆರೆದರೆ ಒಳಗೆ ಹಸಿರು ಗೋಸುಂಬೆ. ಅದರ ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಬಾಗಿಲ ಮೇಲೆ. ನಮ್ಮ ಹೊಲಗಳಲ್ಲಿ ಸಿಗುವ ಗೋಸುಂಬೆಯನ್ನು ಕಾನೂನಿನ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ. ಹಾಗಾಗಿ ಮೊದಲು ಸಂಶಯಪಟ್ಟವನು ನಾನೇ. ಮೇಡಂ ಕಾಗದಪತ್ರ ತೋರಿಸಿದರು. ಅದು ಹೊರದೇಶದ ತಳಿ, ತಲೆಯ ಮೇಲೆ ಟೊಪ್ಪಿಗೆಯಂಥ ಕೋಡು. ಎಲ್ಲ ಸರಿಯಾಗಿತ್ತು.

ಮಾರಿದವನು ಗಂಡೆಂದು ಹೇಳಿದ್ದರಿಂದ ಅದಕ್ಕೆ ರಾಜಾ ಎಂದು ಹೆಸರಿಟ್ಟಿದ್ದರಂತೆ. ರಾಜಾ ಈಗ ಹುಳ ತಿನ್ನುವುದನ್ನು ಬಿಟ್ಟಿದ್ದ, ಟೊಂಗೆಯಿಂದ ಇಳಿದು ನೆಲದ ಮೇಲೆ ಚಡಪಡಿಸುತ್ತಿದ್ದ, ಹೊಟ್ಟೆ ಮಾತ್ರ ದಿನಾ ಉಬ್ಬುತ್ತಿತ್ತು. ಯಾರೋ ಏನೋ ತಿನ್ನಿಸಿದ್ದಾರೆಂದು ಮೇಡಂಗೆ ಅನುಮಾನ. ನಾನು ಮೆಲ್ಲಗೆ ಹೊಟ್ಟೆ ಮುಟ್ಟಿ ನೋಡಿದೆ. ಒಳಗೆ ಮಣಿಸರದಂತೆ ಸಾಲಾಗಿ ತತ್ತಿಗಳು.

"ಮೇಡಂ, ನಿಮ್ಮ ರಾಜಾ ಇನ್ನೇನು ತತ್ತಿ ಇಡ್ತಾನ್ರಿ," ಅಂದೆ.

ಅವರು ಡಬ್ಬಿಯ ಮುಚ್ಚಳ ಹಾಕುತ್ತ ತಮಗೆ ತಾವೇ ಸಮಾಧಾನ ಹೇಳಿಕೊಂಡರು: "ಇರಲಿ ಬಿಡ್ರಿ. ಆಧಾರ್ ಕಾರ್ಡ್ ಏನೂ ಮಾಡಿಸಿಲ್ಲಲ್ಲ."

ಅತ್ತೆಯ ವಿಚಾರಣೆ

ಮುಂದೆ ರಬಕವಿಗೆ ಎಮ್ಮೆ ನೋಡಲು ಹೋದಾಗ ಪಕ್ಕದ ಬನಹಟ್ಟಿಯ ಅವರ ಮನೆಗೂ ಹೋದೆ. ಬಾಗಿಲಲ್ಲೇ ಮೇಡಂ ಅವರ ಅತ್ತೆ ನಿಲ್ಲಿಸಿಕೊಂಡರು. ಮನೆಯಲ್ಲಿ ಇರುವುದು ಇದೊಂದೇ ಗೋಸುಂಬೆ, ಗಂಡಿನ ಮುಖವನ್ನೇ ನೋಡಿಲ್ಲ, ಅಂದಮೇಲೆ ಹೊಟ್ಟೆಯಲ್ಲಿ ತತ್ತಿ ಎಲ್ಲಿಂದ ಬಂದವು ಎಂಬುದು ಅವರ ಪ್ರಶ್ನೆ.

ಹುಂಜ ಇಲ್ಲದಿದ್ದರೂ ಕೋಳಿ ತತ್ತಿ ಇಡುವುದಿಲ್ಲವೇ, ಇದೂ ಹಾಗೆಯೇ, ಮರಿ ಮಾತ್ರ ಆಗುವುದಿಲ್ಲ ಎಂದು ವಿವರಿಸಿದೆ. ಅವರಿಗೆ ಹಿಡಿಸಲಿಲ್ಲ. ಕೋಳಿಯಾದರೆ ಓಣಿ ತುಂಬ ತಿರುಗುತ್ತದೆ, ಅದರ ಮಾತು ಬೇರೆ ಅಂದರು. ಆಮೇಲೆ ನನ್ನನ್ನು ಕಿಟಕಿಯ ಹತ್ತಿರ ಕರೆದು ದನಿ ತಗ್ಗಿಸಿ, ಕಾಂಪೌಂಡ್ ಗೋಡೆಯ ಮೇಲಿದ್ದ ಒಂದು ಓತಿಕ್ಯಾತನನ್ನು ತೋರಿಸಿದರು. ದಿನಾ ಮುಂಜಾನೆ ಅದೇ ಜಾಗಕ್ಕೆ ಬಂದು, ಇದೇ ಕಿಟಕಿಯ ಕಡೆ ಮುಖ ಮಾಡಿ, ತಲೆ ಕುಣಿಸುತ್ತದಂತೆ. ಎರಡು ಸಲ ಕಸಬರಿಗೆಯಿಂದ ಓಡಿಸಿದ್ದಾರೆ. ಮತ್ತೆ ಬಂದಿದೆ.

ಅವೆರಡೂ ಬೇರೆಬೇರೆ ಜಾತಿಯ ಪ್ರಾಣಿಗಳು, ಜೋಡಿ ಸಾಧ್ಯವೇ ಇಲ್ಲ ಎಂದು ನಾನು ಖಾತ್ರಿ ಕೊಟ್ಟಮೇಲೆ ಅವರ ಮುಖ ಸ್ವಲ್ಪ ಸಡಿಲವಾಯಿತು.

"ಛಲೋ ಆತು ಬಿಡ್ರಿ," ಅಂದರು. "ಆ ಓತಿಕ್ಯಾತನ ನಡತಿ ಮೊದಲಿಂದ ನನಗ ಸೇರಿಲ್ಲ."

ಇಣುಕಿದವರು ಯಾರು

ಗೋಸುಂಬೆ ತತ್ತಿ ಇಡಬೇಕಾದರೆ ಹಸಿ ಉಸುಕಿನಲ್ಲಿ ಆಳವಾಗಿ ತೋಡಬೇಕು. ತೋಡುವಾಗ ಯಾರಾದರೂ ಕಣ್ಣಿಗೆ ಬಿದ್ದರೆ ಕೆಲಸ ಬಿಟ್ಟು ಏಳುತ್ತದೆ. ತತ್ತಿ ಹೊಟ್ಟೆಯಲ್ಲೇ ಉಳಿದರೆ ಜೀವಕ್ಕೇ ಅಪಾಯ. ಇದನ್ನೆಲ್ಲ ಹೇಳಿ, ದೊಡ್ಡ ಬಕೆಟ್‌ನಲ್ಲಿ ಉಸುಕು ತುಂಬಿಸಿ ಪಂಜರದಲ್ಲಿ ಇಡಿಸಿ, ಪಂಜರಕ್ಕೂ ಕಿಟಕಿಗೂ ಚಾದರ ಕಟ್ಟಿಸಿದೆ. ಕ್ಯಾಲ್ಸಿಯಂ ಹನಿ ಕೊಟ್ಟು ಬಂದೆ.

ಮರುದಿನ ಮೇಡಂ ಅಳುತ್ತ ಫೋನ್ ಮಾಡಿದರು. ಅರ್ಧ ತೋಡಿ ಬಿಟ್ಟಿದೆ, ಯಾರೋ ಇಣುಕಿದ್ದಾರೆ ಅಂದರು. ಅವರಿಗೆ ಅತ್ತೆಯ ಮೇಲೆ ಸಂಶಯ. ಅತ್ತೆಗೆ ಮಗನ ಮೇಲೆ. ಮಗ, ಅಂದರೆ ಮೇಡಂ ಅವರ ಗಂಡ, ತಾನು ಆ ಕೋಣೆಯ ಕಡೆ ತಲೆ ಹಾಕಿಯೂ ಮಲಗಿಲ್ಲ ಎಂದು ಆಣೆ ಮಾಡುತ್ತಿದ್ದ.

ಇನ್ನು ತಡವಾದರೆ ಕಷ್ಟವೆಂದು ನಾನು ತತ್ತಿ ಇಳಿಸುವ ಇಂಜೆಕ್ಷನ್ ಸಮೇತ ಓಡಿದೆ. ಹೋದರೆ ಮೂವರೂ ಅಂಗಳದಲ್ಲಿ, ಮನೆಗೆ ಬೆನ್ನು ಮಾಡಿ, ಒಬ್ಬರನ್ನೊಬ್ಬರು ಕಾಯುತ್ತ ಕುಳಿತಿದ್ದರು. ಅಡುಗೆ ಆಗಿರಲಿಲ್ಲ. ಒಳಗೆ ಹೋಗಬಹುದೇ ಎಂದು ಕೇಳಿದೆ.

"ಅದರ ಮನಿ ಆಗೇತ್ರಿ ಅದು," ಅಂದ ಗಂಡ. "ನಾವೂ ಹೊರಗ ಅದೇವಿ."

ಹವಾಲ್ದಾರರ ಶೋಧ

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಹವಾಲ್ದಾರರು. ಅವರು ಇದನ್ನೆಲ್ಲ ಬೇರೆ ರೀತಿ ನೋಡಿದ್ದರು. ಮನೆಯೊಳಗೆ ಉಸುಕು ಹೋಯಿತು. ಕಿಟಕಿಗೆ ಚಾದರ ಬಿತ್ತು. ಮೇಡಂ ಫೋನಿನಲ್ಲಿ, ತೋಡುವುದು ನಡೆದಿದೆ, ಯಾರೂ ನೋಡಬಾರದು ಅನ್ನುತ್ತಾರೆ. ಚೀಲ ಹಿಡಿದ ಅಪರಿಚಿತನೊಬ್ಬ ಮೇಲಿಂದ ಮೇಲೆ ಬರುತ್ತಾನೆ. ಅವರ ಲೆಕ್ಕದಲ್ಲಿ ಇದು ನಿಧಿ, ನಾನು ಮಾಂತ್ರಿಕ.

ರಾಜಾ ಮತ್ತೆ ತೋಡುತ್ತಿರಬಹುದೆಂದು ಇಂಜೆಕ್ಷನ್ ತಡೆಹಿಡಿದು ನಾನು ಅಂಗಳದಲ್ಲಿ ಕುಳಿತಿದ್ದಾಗಲೇ ಅವರು ಓಣಿಯ ಇಬ್ಬರು ಹಿರಿಯರೊಂದಿಗೆ ಒಳಗೆ ಬಂದು, ಕೋಣೆ ತೋರಿಸಿ ಅಂದರು. ಈಗ ಬಾಗಿಲು ತೆರೆದರೆ ಒಂದು ಜೀವ ಹೋಗುತ್ತದೆಂದು ಕೈಮುಗಿದೆ. ಅದು ಬಲಿಯ ಮಾತೆಂದು ತಿಳಿದು ಹಿರಿಯರಿಬ್ಬರೂ ಹಿಂದೆ ಸರಿದರು. ಹವಾಲ್ದಾರರು ಮಾತ್ರ ಕಟ್ಟೆಯ ಮೇಲೆ ಕುಳಿತೇ ಬಿಟ್ಟರು.

ಸಂಜೆಯ ಹೊತ್ತಿಗೆ ಒಳಗೆ ಟೊಂಗೆ ಅಲುಗಿದ ಸಪ್ಪಳ. ಮೇಡಂ ಒಳಗೆ ಹೋಗಿ ಚಾದರ ಸರಿಸಿದರು. ರಾಜಾ ಮೈತುಂಬ ಉಸುಕು ಮೆತ್ತಿಕೊಂಡು, ಬತ್ತಿದ ಹೊಟ್ಟೆಯೊಂದಿಗೆ ಮೇಲೆ ಹತ್ತಿ ಕುಳಿತಿದ್ದಳು. ತೋಡಿದ ಕುಣಿಯನ್ನು ತಾನೇ ಮುಚ್ಚಿದ್ದಳು. ನೀರು ಚಿಮುಕಿಸಿದರೆ ಗಟಗಟ ಕುಡಿದಳು. ಅಲ್ಲಿಯವರೆಗೆ ನಡತೆಯ ಮಾತಾಡುತ್ತಿದ್ದ ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಾಣಂತಿಗೆ ಏನು ಕೊಡಬೇಕು ಎಂದು ಕೇಳಿದರು.

ನಾನು ಚಮಚದಿಂದ ಉಸುಕು ತೆಗೆದು, ಬಿಳಿ ತತ್ತಿಗಳನ್ನು ಒಂದೊಂದಾಗಿ ತಾಟಿನಲ್ಲಿಟ್ಟೆ. ಹವಾಲ್ದಾರರು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು. ಆಮೇಲೆ ನನ್ನ ಕೈಯಿಂದ ಚಮಚ ಇಸಿದುಕೊಂಡು ಉಳಿದ ಉಸುಕನ್ನು ತಾವೇ ತಳದವರೆಗೆ ಕೆದರಿದರು. ಬಕೆಟ್ ಬೋರಲು ಹಾಕಿದರು. ತಳಕ್ಕೆ ಬಡಿದು, ಕಿವಿಗೊಟ್ಟು ಕೇಳಿದರು. ಏನೂ ಇರಲಿಲ್ಲ.

ಇನ್ನಾದರೂ ನಂಬಿದರಲ್ಲ ಎಂದು ನಾನು ಚೀಲ ಕಟ್ಟತೊಡಗಿದೆ. ಅವರು ಕೈ ಝಾಡಿಸಿಕೊಂಡು ಎದ್ದು ನಿಂತು, ಕೋಣೆಯ ಮೂಲೆಮೂಲೆಯನ್ನೂ ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು:

"ಆತ್ರಿ ಡಾಕ್ಟರ್. ಇದು ಮಂದಿಗೆ ತೋರಸಾಕ ಇಟ್ಟಿದ್ದು. ಖರೇ ಬಕೆಟ್ ಎಲ್ಲೈತಿ?"