ಬರೆಯದವರು ಉಪ್ಪಿಟ್ಟು ಮಾಡತಕ್ಕದ್ದು

ಓದಿದವರು ನಾಲ್ಕು ಜನ ಸೇರಿ ಏನಾದರೂ ಒಳ್ಳೇದು ಮಾಡೋಣ ಅಂತ ಹೊರಟರೆ ಎಡವಟ್ಟಾಗದೆ ಇರುವುದೇ ಇಲ್ಲ. ಎಪ್ಪತ್ತರ ದಶಕದಲ್ಲಿ ನಾವು ಮೂವರು ಕಾಲೇಜು ಮೇಷ್ಟ್ರುಗಳು ಪಿಎಚ್.ಡಿ.ಗೆ ಹೆಸರು ಕೊಟ್ಟು ಸುಮ್ಮನೆ ಕೂತಿದ್ದೆವು. ಹುಣಸೂರಿನ ನನ್ನ ಬಾಡಿಗೆ ಮನೆಯಲ್ಲಿ ಭಾನುವಾರ ಸೇರುವುದು, ಬರೆದದ್ದನ್ನು ಓದಿ ತಿದ್ದಿಕೊಳ್ಳುವುದು ಅಂತಾಯಿತು. ಬರೆಯದೆ ಬಂದವನು ಮಿಕ್ಕವರಿಗೆ ಉಪ್ಪಿಟ್ಟು ಮಾಡಬೇಕು. ಇದೊಂದೇ ಕಾನೂನು.

೧

ಮೊದಲು ಸಿಕ್ಕಿಬಿದ್ದವರು ಕೆ.ಆರ್. ನಗರದ ಮೇಷ್ಟ್ರು. ಅವರ ಉಪ್ಪಿಟ್ಟು ಸೌಟಿಗೂ ಬಗ್ಗಲಿಲ್ಲ. ಮುಂದಿನ ವಾರ ಅರ್ಧ ಅಧ್ಯಾಯ ಬರೆದು ತಂದರು.

"ಏನ್ರೀ, ಇಷ್ಟು ಬೇಗ?"

"ಅದನ್ನ ನಾನೂ ತಿಂದಿದ್ದೆ ಕಣಯ್ಯ!"

೨

ಸರಗೂರಿನ ಮೇಷ್ಟ್ರದು ಬೇರೆ ಕಥೆ. ಬೇಸಿಗೆ ರಜೆಯೊಳಗೆ ಥೀಸಿಸ್ ಕೊಡದಿದ್ದರೆ ಅವರ ನೋಂದಣಿಯೇ ರದ್ದು, ಅಷ್ಟು ವರ್ಷದ ಓಡಾಟವೆಲ್ಲ ನೀರುಪಾಲು. ಆದರೂ ಬರೆಯುತ್ತಿರಲಿಲ್ಲ. ಅವರು ಅವರೆಕಾಳು ಹಾಕಿ, ತುಪ್ಪ ಬಿಟ್ಟು ಮಾಡುವ ಉಪ್ಪಿಟ್ಟಿದೆಯಲ್ಲ, ಆಹಾ!

"ಇಂಗಾದ್ರೆ ಕೆಟ್ಟೋಯ್ತೀಯ ಕಣಯ್ಯ, ಬರಿ," ಅಂತ ಬೈಯುತ್ತಲೇ ತಟ್ಟೆ ಮುಂದೆ ಹಿಡಿಯುತ್ತಿದ್ದೆವು.

ಒಂದು ಭಾನುವಾರ ನಿಜವಾಗಿಯೂ ಬರೆದು ತಂದುಬಿಟ್ಟರು. ನಮ್ಮ ಮುಖ ಸಪ್ಪಗಾಯಿತು. ಕೆ.ಆರ್. ನಗರದವರು ಹಾಳೆಗಳನ್ನು ತಿರುವಿ ಹಾಕಿ, "ಬರೀ ಪೀಠಿಕೆ ಇದು, ಲೆಕ್ಕಕ್ಕಿಲ್ಲ. ಓಗು, ಒಲೆ ಹಚ್ಚು," ಅಂದರು.

೩

ಗಂಡ ಬರೆಯುತ್ತಿಲ್ಲ ಅನ್ನೋ ಅನುಮಾನ ಬಂದು ಸರಗೂರಿನ ಮೇಷ್ಟ್ರ ಹೆಂಡತಿ ಒಂದು ಭಾನುವಾರ ಬಸ್ಸು ಹತ್ತಿ ಬಂದೇಬಿಟ್ಟರು. ಪುಣ್ಯಾತ್ಮ ಹೆಗಲಿಗೆ ಟವೆಲ್ ಹಾಕಿಕೊಂಡು ರವೆ ಹುರಿಯುತ್ತಿದ್ದ.

"ಮನೇಲಿ ಒಂದ್ ಲೋಟ ನೀರೂ ತಾವೇ ತಗೊಂಡು ಕುಡಿದೋರಲ್ಲ ಕಣ್ರೀ ಇವ್ರು!" ಅಂದವರೇ ಸೌಟು ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. "ಇವ್ರು ಬರೆದು ಮುಗಿಸೋಗಂಟ ನೀವಿಬ್ರೇ ಮಾಡಿ, ಇವ್ರಿಗೂ ಅದನ್ನೇ ಆಕಿ."

ನಮ್ಮ ಉಪ್ಪಿಟ್ಟಿಗೆ ಹೆದರಿಯೇ ಇರಬೇಕು, ಮನುಷ್ಯ ತಲೆ ಎತ್ತದೆ ಬರೆದ. ರಜೆಗೆ ಮುಂಚೆಯೇ ಥೀಸಿಸ್ ಮೈಸೂರು ಸೇರಿತು, ಆಮೇಲೆ ಡಾಕ್ಟರೇಟೂ ಬಂತು. ನಮ್ಮ ಸಂತೋಷ ಹೇಳತೀರದು. ಭಾನುವಾರವೇ ಹಾರ ಹಿಡಿದು ಸರಗೂರಿಗೆ ಹೋದೆವು. ಅವರ ಹೆಂಡತಿ ಜಗಲಿಯ ಮೇಲೆ ಆರಾಮವಾಗಿ ಕಾಫಿ ಕುಡಿಯುತ್ತಿದ್ದರು.

"ಬನ್ನಿ ಬನ್ನಿ. ಡಾಕ್ಟ್ರು ಅಡುಗೆಮನೇಲವ್ರೆ. ಕೈರುಚಿ ಗೊತ್ತಾದ್ಮೇಲೆ ಬುಡಕ್ಕಾಯ್ತದಾ? ಈಗ ದಿನಾ ತಿಂಡಿ ಅವ್ರದೇ."

ಡಾಕ್ಟರು ಸೌಟು ಹಿಡಿದೇ ಹೊರಗೆ ಬಂದರು. ಹಾರಕ್ಕೆ ಕತ್ತು ಬಗ್ಗಿಸಿದವರು ನನ್ನ ಕಿವಿಯಲ್ಲಿ ಕೇಳಿದರು: "ಇನ್ನೊಂದು ಪಿಎಚ್.ಡಿ.ಗೆ ಎಸರು ಕೊಡಬೌದೇನ್ಲಾ?"