ಟೈಪಿಂಗ್ ಪರೀಕ್ಷೆಯಲ್ಲಿ ನಿವೃತ್ತ ಮಾಸ್ತರ

ಯಲಬುರ್ಗಾದ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತನಾದ ಮರುವಾರವೇ ನಾನು ಟೈಪಿಂಗ್ ಕ್ಲಾಸಿಗೆ ಸೇರಿದೆ. ಕಾರಣ ನನ್ನ ಅಕ್ಷರ. ಗಂಗಾವತಿಯ ಮಗಳು ಹಬ್ಬಕ್ಕೆ ಬರುವಾಗ ನಾನು ಬರೆದ ಕಾಗದಗಳನ್ನೆಲ್ಲ ತಂದು ನನ್ನಿಂದಲೇ ಓದಿಸಿಕೊಳ್ಳುತ್ತಿದ್ದಳು.

"ಈ ವಯಸ್ಸಿನ್ಯಾಗ ನಪಾಸಾದ್ರ ಊರಾಗ ತಲಿ ಎತ್ತಿ ಹೆಂಗ ತಿರಗ್ತೀರಿ?" ಎಂದಳು ಹೆಂಡತಿ ನೀಲವ್ವ.

"ಊರ ಮಂದೀನ ಪಾಸ್ ಮಾಡಿದಾಂವ ನಾ. ನಾನ ನಪಾಸಾಗ್ತೀನೇನು?" ಎಂದೆ.

ಪರೀಕ್ಷೆ ಕೊಪ್ಪಳದಲ್ಲಿ. ಟೈಪ್‌ರೈಟರ್ ಮಷಿನ್ ನಾವೇ ಒಯ್ಯಬೇಕು. ನೀಲವ್ವ ಅದಕ್ಕೆ ಕೌದಿ ಸುತ್ತಿಕೊಟ್ಟಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರೆ ಪಕ್ಕದ ಮುದುಕಿ, "ಕೂಸಿಗೆ ಆರಾಮಿಲ್ಲೇನ್ರಿ?" ಎಂದು ಮರುಗಿದಳು. ಕುಕನೂರು ದಾಟುವಷ್ಟರಲ್ಲಿ ನನ್ನ ತೊಡೆಗೇ ಆರಾಮಿರಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಗಂಟೆ ಹೊಡೆಯಿತು. ಹತ್ತು ನಿಮಿಷದಲ್ಲಿ ಒಂದು ಪುಟ ಹೊಡೆಯಬೇಕು. ಎರಡು ಸಾಲು ಹೊಡೆದೆ, ಒಂದೂ ತಪ್ಪಿಲ್ಲ! ಅಷ್ಟರಲ್ಲಿ ಪಕ್ಕದಲ್ಲಿದ್ದ ಅಳವಂಡಿಯ ಹುಡುಗಿ ರಜಿಯಾಳ ಮಷಿನ್ನಿನ ರಿಬ್ಬನ್ ಸಿಕ್ಕಿಕೊಂಡು ಆಕೆಯ ಕಣ್ಣಲ್ಲಿ ನೀರು ಬಂತು. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಎದ್ದು ಹೋಗಿ ಬಿಡಿಸಿಕೊಟ್ಟೆ.

"ಅಳಬ್ಯಾಡವಾ, ಹೊಡಿ."

ಎದ್ದವನು ಮರಳಿ ಕೂರಬೇಕಿತ್ತು. ಹಿಂದಿನ ಸಾಲಿನವನೊಬ್ಬ ಕೀಲಿಮಣೆ ನೋಡಿಕೊಂಡು ಹೊಡೆಯುತ್ತಿದ್ದ. "ತೆಳಗ ನೋಡಬ್ಯಾಡಲೇ, ಹಾಳಿ ನೋಡು" ಎಂದು ಗದರಿದೆ. ಕೈಗಳೆರಡೂ ತಾವಾಗಿ ಬೆನ್ನ ಹಿಂದೆ ಹೋದವು. ಪತ್ರಿಕೆ ಓದುತ್ತಿದ್ದ ಮೇಲ್ವಿಚಾರಕರು, ಯಾರೋ ದೊಡ್ಡ ಸಾಹೇಬರು ತಪಾಸಣೆಗೆ ಬಂದರೆಂದು ಗಾಬರಿಯಾಗಿ ಎದ್ದರು.

"ಬರ್ರಿ ಸರ, ಕುಂದರ್ರಿ."

ಘನತೆಯಿಂದ ಅವರ ಕುರ್ಚಿಯಲ್ಲಿ ಕೂತೆ. ಪರೀಕ್ಷೆಯು ಶಾಂತರೀತಿಯಿಂದ ನಡೆಯಿತು.

ಮತ್ತೆ ಗಂಟೆಯಾಯಿತು. ಹಾಳೆಗಳನ್ನು ನಾನೇ ಕೂಡಿಸತೊಡಗಿದೆ. ಒಂದು ಮಷಿನ್ ಮುಂದೆ ಯಾರೂ ಇಲ್ಲ. ಹಾಳೆಯಲ್ಲಿ ಎರಡೇ ಸಾಲು.

"ಎಲ್ಲಿ ಹೋಗ್ಯಾನ ಈ ದಡ್ಡ?" ಎಂದು ಗುಡುಗಿದೆ.

ರಜಿಯಾ ತಲೆ ತಗ್ಗಿಸಿ, "ಅದು ನಿಮ್ದ ಅಲ್ರೀ ಸರ?" ಎಂದಳು.

ಫಲಿತಾಂಶ ಬಂದಾಗ ಆ ಕೋಣೆಯಲ್ಲಿ ನಪಾಸಾದವನು ನಾನೊಬ್ಬನೇ. ನಾಚಿಕೆಯಿಂದ ವಾರಗಟ್ಟಲೆ ಬಜಾರದ ಕಡೆ ಹೋಗಲಿಲ್ಲ. ಒಂದು ದಿನ ರಜಿಯಾ ಪೇಡೆ ಹಿಡಿದು ಮನೆಗೇ ಬಂದಳು. "ನೀವು ಎದ್ದು ಬರಲಿಲ್ಲಂದ್ರ ನಾ ಪಾಸಾಗ್ತಿದ್ದಿಲ್ರಿ ಸರ" ಎಂದು ಪೇಡೆ ನನ್ನ ಕೈಗಿಟ್ಟಳು.

ನೀಲವ್ವ ಆಕೆಗೆ ಚಹಾ ಕೊಟ್ಟು ಹೇಳಿದಳು: "ಮುಂದಿನ ಪರೀಕ್ಷಾಕ ಇವರ ಬಾಜೂಕ ನೀ ಬಂದು ಕುಂದರವಾ. ಎದ್ರ ಅಂಗಿ ಹಿಡಿದು ಜಗ್ಗು."

ಮತ್ತೆ ಫಾರ್ಮ್ ತುಂಬಿದ್ದೇನೆ. ಬೆರಳುಗಳ ಅಭ್ಯಾಸ ಮುಗಿದಿದೆ. ಈಗ ದಿನಾ ಮುಂಜಾನೆ ನೀಲವ್ವನ ಎದುರಿಗೆ ಹತ್ತು ನಿಮಿಷ ಸುಮ್ಮನೆ ಕೂರುವುದನ್ನು ಕಲಿಯುತ್ತಿದ್ದೇನೆ. ನಿನ್ನೆ ಆರು ನಿಮಿಷ ಕೂತೆ.