ಸಪ್ಪಳ ನುಂಗುವ ನಾಯಿ

ಯರಗುಪ್ಪಿಯಲ್ಲಿ ನನ್ನ ಕಿವಿಗೆ ಸಮನಾದ ಕಿವಿ ಇನ್ನೊಂದಿಲ್ಲ! ಓದು ಎರಡನೇ ಇಯತ್ತೆಗೆ ನಿಂತಿತು, ಆದರೆ ಕೇಳುವುದರಲ್ಲಿ ನಾನು ಪಂಡಿತೆ. ಬಾಜು ಮನೆಯ ಖಾದರಬಿ ರೊಟ್ಟಿ ಬಡಿಯುವ ಸಪ್ಪಳದಿಂದಲೇ ಹಿಟ್ಟು ಹೊಸದೋ ಹಳೆಯದೋ, ಅವಳಿಗೆ ಸೊಸೆಯ ಮೇಲೆ ಸಿಟ್ಟಿದೆಯೋ ಇಲ್ಲವೋ, ಗೋಡೆಯ ಈಚೆ ಕೂತು ಹೇಳಿಬಿಡುತ್ತಿದ್ದೆ.

ಹಾಗಾಗಿ, ಮನೆ ಕಾಯಲು ಒಂದು ನಾಯಿ ಬೇಕೆಂದು ಹುಬ್ಬಳ್ಳಿಯ ಪ್ರಾಣಿಗಳ ಆಶ್ರಯಧಾಮಕ್ಕೆ ಹೋದಾಗ ಆ ಬಿಳಿ ನಾಯಿಯನ್ನು ಕಂಡು ನಾನು ಹಿಂದೆ ಮುಂದೆ ನೋಡಲಿಲ್ಲ. ಒಂದು ಕಣ್ಣು ಕಂದು, ಇನ್ನೊಂದು ತಿಳಿನೀಲಿ. ಹುಟ್ಟು ಕಿವುಡು. ಎರಡು ಮನೆಯವರು ಒಯ್ದು ತಿರುಗಿ ತಂದುಬಿಟ್ಟಿದ್ದರಂತೆ.

"ಮನಿ ಕಾಯಾಕ ಕಿವುಡ ನಾಯಿ ಒಯ್ಯೂದೇನ?" ಎಂದರು ನಮ್ಮ ಯಜಮಾನರು.

"ಅದಕ್ಕ ಕಿವಿ ಇಲ್ಲಂದ್ರ ಏನಾತ್ರಿ? ನನ್ನವು ಅದಾವಲ್ಲ! ಕೇಳೂದು ನಾ, ಬೊಗಳೂದು ಅದು!"

ಅಲ್ಲಿಯ ರೂಬಿನಾ ಎಂಬ ಹುಡುಗಿ ನನ್ನ ಎದುರಿಗೆ ಕೂತು ಹೇಳಿದಳು: "ಅಜ್ಜಿ, ಒದರಬ್ಯಾಡ್ರಿ, ಕೇಳಂಗಿಲ್ಲ. ನೆಲಕ್ಕ ಕಾಲು ಬಡೀರಿ, ಹೊಳ್ಳಿ ನೋಡತೈತಿ. ಅಂಗೈ ತೋರಿಸಿದ್ರ ಕೂಡತೈತಿ. ಹದಿನೈದು ದಿವಸದಾಗ ಹೊಂದಿಕಿ ಆಗ್ಲಿಲ್ಲಂದ್ರ ತಂದು ಬಿಡ್ರಿ."

"ಈ ಸಲ ಹೊಳ್ಳಿ ಬರಂಗಿಲ್ಲವಾ!" ಎಂದು ವಚನ ಕೊಟ್ಟು, ಬೆಳ್ಳಿ ಎಂದು ಹೆಸರಿಟ್ಟು, ಟಂಟಂ ಆಟೋ ಹತ್ತಿಸಿದೆ.

ಮೂರನೇ ದಿನದಿಂದ ಮನೆಯ ಸಪ್ಪಳಗಳು ಕಾಣೆಯಾಗತೊಡಗಿದವು.

ಮೊದಲು ಹೋದದ್ದು ಯಜಮಾನರ ದನಿ. ಹೊಲದಿಂದ ಬಂದೊಡನೆ ಓಣಿ ನಡುಗುವಂತೆ ಕರೆಯುತ್ತಿದ್ದ ಮನುಷ್ಯ. ಈಗ ಹಿತ್ತಲಲ್ಲಿ ಬಾಯಿ ಅಲುಗುತ್ತದೆ, ಮಾತಿಲ್ಲ! ಅಂಜಿಕೆಯಾಗಿ ಉಳಿದ ಸಪ್ಪಳಗಳನ್ನೆಲ್ಲ ಪರೀಕ್ಷೆ ಮಾಡುತ್ತ ಹೋದೆ. ಪಡಸಾಲೆಯ ಗಡಿಯಾರದ ಮುಳ್ಳು ನಡೆಯುತ್ತಿತ್ತು, ಟಿಕ್ ಟಿಕ್ ಇರಲಿಲ್ಲ. ಬೆಳ್ಳಿ ಅದರ ಕೆಳಗೆ ಕೂತು ನೀಲಿ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.

ಐದನೇ ದಿನ ಗೋಡೆಗೆ ಕಿವಿ ಹಚ್ಚಿದೆ. ರೊಟ್ಟಿಯ ಸಪ್ಪಳವೂ ಇಲ್ಲ. ಖಾದರಬಿಗೆ ಜ್ವರ ಬಂದಿರಬೇಕೆಂದು ಓಡಿದೆ. ಅವಳು ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು! ಕೈ ಏಳುತ್ತಿತ್ತು, ಬೀಳುತ್ತಿತ್ತು, ರೊಟ್ಟಿ ತಿರುಗುತ್ತ ಅಗಲವಾಗುತ್ತಿತ್ತು. ಬಾವಿಯ ನೀರಿನೊಳಗೆ ಕೂತು ಬಡಿದಂತೆ, ಸಪ್ಪಳ ಮಾತ್ರ ಇಲ್ಲ. ನನ್ನ ಹಿಂದೆಯೇ ಬಂದ ಬೆಳ್ಳಿ ಹೊಸ್ತಿಲಲ್ಲಿ ನಿಂತು, ಆಗಷ್ಟೇ ಏನೋ ನುಂಗಿದ ಹಾಗೆ, ತುಟಿ ನೆಕ್ಕಿಕೊಂಡಿತು.

ಆ ಎರಡು ಮನೆಯವರು ಯಾಕೆ ತಿರುಗಿ ಬಿಟ್ಟರೆಂಬುದು ಆಗ ಹೊಳೆಯಿತು. ತನಗೆ ಕೇಳದ ಸಪ್ಪಳವನ್ನು ಈ ನಾಯಿ ಮನೆಮನೆ ಹೊಕ್ಕು ನುಂಗುತ್ತಿದೆ!

ಖಾದರಬಿ ತಿರುಗಿದಳು. "ಯಾಕ್ ಬೇ ಅಕ್ಕಾ, ದೆವ್ವ ಕಂಡವರಂಗ ನಿಂತಿ?"

"ನಾಳೆ ಮುಂಜಾನೆ ಈ ನಾಯಿ ಹುಬ್ಬಳ್ಳಿಗೆ ಹೊಳ್ಳಿ ಹೋಗತೈತಿ."

"ಪಾಪ, ಕಚ್ಚೂದಿಲ್ಲ, ಕದಿಯೂದಿಲ್ಲ..."

"ನುಂಗತೈತಿ!"

ಆ ಸಂಜೆ ಕೊನೆಯ ಪ್ರಯತ್ನ. ಕೆಂಡ ಮಾಡಿ, ಉಪ್ಪು ಸಾಸಿವೆ ಹಿಡಿದು, ಬೆಳ್ಳಿಗೆ ದೃಷ್ಟಿ ತೆಗೆದೆ. ಬಾಲ ಆಡಿಸುತ್ತ ಅದು ನನ್ನ ಕೈ ಸುತ್ತುವುದನ್ನೇ ನೋಡುತ್ತಿತ್ತು. ಇದನ್ನು ಮೂರನೇ ಸಲ ಅನಾಥ ಮಾಡಬೇಕಲ್ಲ! ಉಪ್ಪು ಚಟಪಟ ಎಂದರೆ ಪೀಡೆ ಹೋಯಿತು, ಬೆಳ್ಳಿ ಉಳಿಯಿತು. ಮುಷ್ಟಿ ತುಂಬ ಕೆಂಡಕ್ಕೆ ಸುರಿದೆ.

ಹರಳುಗಳು ಮೊಳದೆತ್ತರ ಹಾರಿದವು. ಸಪ್ಪಳವೇ ಇಲ್ಲ! ಇನ್ನೊಂದು ಮುಷ್ಟಿ. ಕಿಡಿ ಸಿಡಿಯಿತು, ಚಟ್ ಎನ್ನಲಿಲ್ಲ. ಬೆಳ್ಳಿ ಬೆದರಲಿಲ್ಲ. ನಾನೂ ಬೆದರಲಿಲ್ಲ. ಕೆಂಡದ ಬೆಳಕಿನಲ್ಲಿ ಆ ನೀಲಿ ಕಣ್ಣು ನನ್ನ ಮೇಲೆ, ನನ್ನ ಕಣ್ಣು ಅದರ ಮೇಲೆ. ಉಪ್ಪಿನ ಡಬ್ಬಿಯನ್ನೇ ಬೋರಲು ಹಾಕಿದೆ!

ಕಾಲಡಿಯ ನೆಲ ಅದುರಿತು. ನಾಯಿಯೂ ನಾನೂ ಒಮ್ಮೆಲೇ ಹೊರಳಿ ನೋಡಿದೆವು. ಯಜಮಾನರು ಎರಡೂ ಕಿವಿ ಮುಚ್ಚಿಕೊಂಡು, ಇನ್ನೊಮ್ಮೆ ಬಡಿಯಲು ಕಾಲೆತ್ತಿ ನಿಂತಿದ್ದರು. ಅವರ ಹಿಂದೆ ಖಾದರಬಿ.

ಹತ್ತಿರ ಬಂದು ಹಳೆಯ ದನಿಯಲ್ಲೇ ಒದರಿದರು: "ಮನ್ಯಾಗ ಪಟಾಕ್ಷಿ ಹಾರಸಾಕತ್ತೀಯೇನ? ಓಣಿ ಮಂದಿ ಎಲ್ಲಾ ಹೊರಗ ಬಂದಾರ!"

"ನಿಮ್ಮ ದನಿ ಹೊಳ್ಳಿ ಬಂತ್ರೀ! ನಾಯಿ ಉಗುಳ್ತು!"

"ಅದು ನುಂಗಿದ್ರಲ್ಲ ಉಗುಳೂದು! ಐದು ವರ್ಷದಿಂದ ನಿನಗ ಕೇಳ್ಲಿ ಅಂತ ಒದರಿ ಒದರಿ ನನ್ನ ಗಂಟಲ ಹರದಿತ್ತು. ಈ ನಾಯಿ ಬಂದಮ್ಯಾಲ ಕೈಸನ್ನಿ ಕಲ್ತೆ. ಆರಾಮ ಆತು, ಒದರೂದು ಬಿಟ್ಟೆ."

"ಮತ್ತ ರೊಟ್ಟಿ ಸಪ್ಪಳ?" ಎಂದು ಖಾದರಬಿಯತ್ತ ತಿರುಗಿದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಸೊಸಿ ತವರಿಗೆ ಹೋಗಿ ಎರಡು ತಿಂಗಳಾತು ಅಕ್ಕಾ. ಆದ್ರೂ ನೀ ದಿನಾ 'ಸೊಸಿ ಮ್ಯಾಲ ಸಿಟ್ಟಾಗಿ ಬಡದಿ' ಅಂತಿದ್ದಿ. ಯಾಕ ನೋಯಸೂದು ಅಂತ ನಾ ಹೂಂ ಅಂತಿದ್ದೆ."

ಮರುದಿನ ಹುಬ್ಬಳ್ಳಿಗೆ ಹೋದದ್ದು ಬೆಳ್ಳಿಯಲ್ಲ, ನಾನು. ಕಿವಿಯ ಡಾಕ್ಟರು ನೋಡಿ, ಯಂತ್ರ ಬರಲು ಹದಿನೈದು ದಿನ ಬೇಕು, ಹೊಂದದಿದ್ದರೆ ತಿರುಗಿ ತನ್ನಿ ಎಂದರು.

ಮನೆಗೆ ಬಂದ ಮೇಲೆ ಯಜಮಾನರು ಪಡಸಾಲೆಯಲ್ಲಿ ನೆಲಕ್ಕೆ ಕಾಲು ಬಡಿದು ಅಂಗೈ ತೋರಿಸಿದರು. ಬೆಳ್ಳಿ ಕೂತಿತು.

ನೋಡುತ್ತೇನೆ, ಅದರ ಬಾಜು ನಾನೂ ಕೂತಿದ್ದೇನೆ!